ಹೊಳಲಿನ ಎರಡನೇ ಅನಂತಶಯನ

ನಮ್ಮ ಹೂವಿನಹಡಗಲಿ ತಾಲ್ಲೂಕಿಗೆ ಆಟದ ಹೆಲಿಕಾಪ್ಟರ್ ತಂದವರಲ್ಲಿ ನಾನೇ ಮೊದಲಿಗ ಎಂದು ಎದೆಯುಬ್ಬಿಸುವ ಹಾಗಿಲ್ಲ. ಮೈಲಾರಲಿಂಗನ ನೆತ್ತಿಯ ಮೇಲೆ ಯಾರೂ ಹಾರಬಾರದು ಎಂಬ ನಂಬಿಕೆ ಇಲ್ಲಿಯದು. ಮೈಲಾರ ಜಾತ್ರೆಯ ದೈವವಾಣಿಯಾದ ಕಾರಣಿಕಕ್ಕೆ ಹೆಲಿಕಾಪ್ಟರಿನಲ್ಲಿ ಬಂದುಹೋಗಿದ್ದ ಡಿ.ಕೆ. ಶಿವಕುಮಾರ್, ಆಮೇಲೊಮ್ಮೆ ಬೆಳ್ಳಿಯ ಪುಟ್ಟ ಹೆಲಿಕಾಪ್ಟರನ್ನೇ ಮಾಡಿಸಿ ತಂದು ದೇವರಿಗೆ ಒಪ್ಪಿಸಿದರು. ಅದು ಹಾರುವುದಿಲ್ಲ. ನನ್ನದೂ ಬಹುದಿನ ಹಾರಲಿಲ್ಲ. ಅದಕ್ಕೆ ಪಿಚ್, ಅಂದರೆ ರೆಕ್ಕೆಯ ಓರೆ, ಹೊಂದಿಸುವ ತಾಪತ್ರಯವಿಲ್ಲ, ಅಷ್ಟೇ ವ್ಯತ್ಯಾಸ.

ಲೋಹಕ್ಕೆ ಲೋಹ ಕೂಡುವ ಪ್ರತಿ ಸ್ಕ್ರೂಗೂ ನೀಲಿ ಲಾಕ್ಟೈಟ್ ಹಚ್ಚಿದ್ದು, ಲೈಪೋ ಬ್ಯಾಟರಿಯ ಮೂರೂ ಸೆಲ್ಲುಗಳನ್ನು ಸಮನಾಗಿ ಚಾರ್ಜ್ ಮಾಡಿದ್ದು, ಆ ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ ತೂಕವನ್ನು ನಡುಶಾಫ್ಟಿಗೆ ತಂದದ್ದು, ಮನೆಯವಳು ಮೂರು ಸಲ ದಾರಿ ನೋಡಿದ್ದು ಎಲ್ಲ ಒತ್ತಟ್ಟಿಗಿರಲಿ. ಪಿಚ್ ಕಥೆ ಕೇಳಿ.

ರಿಮೋಟಿನ ಕಡ್ಡಿ ನಟ್ಟನಡುವೆ ಇದ್ದಾಗ ರೆಕ್ಕೆಯ ಓರೆ ಸೊನ್ನೆ ಡಿಗ್ರಿ ಇರಬೇಕು. ಅದನ್ನು ಅಳೆಯಲು ರೆಕ್ಕೆಗೆ ಒಂದು ಪ್ಲಾಸ್ಟಿಕ್ ಗೇಜ್ ಸಿಕ್ಕಿಸಿ, ಅದರ ಮೇಲಂಚೂ ಮೇಲಿನ ಫ್ಲೈಬಾರ್ ಸರಳೂ ಒಂದೇ ಗೆರೆಯಲ್ಲಿವೆಯೇ ಎಂದು ಕಣ್ಣಳತೆಯಲ್ಲಿ ನೋಡಬೇಕು. ಯಂತ್ರ ಮನೆ ಮುಂದಿನ ಕಟ್ಟೆಯ ಮೇಲಿತ್ತು. ಕಣ್ಣು ಆ ಮಟ್ಟಕ್ಕೆ ಬರಬೇಕಾದರೆ ಮೈಯೂ ಬರಬೇಕಲ್ಲ! ಮೋಟಾರಿನ ವೈರು ಕಿತ್ತಿಟ್ಟು, ಪಕ್ಕಕ್ಕೆ ಹೊರಳಿ ಮಲಗಿದೆ. ಎಡಮೊಣಕೈ ಊರಿ, ಅಂಗೈ ಮೇಲೆ ತಲೆಯಿಟ್ಟು, ಬಲಗೈಯಲ್ಲಿ ರಿಮೋಟು, ಒಂದು ಕಣ್ಣು ಮುಚ್ಚಿದೆ. ಕಡ್ಡಿ ಮಿಸುಕಿದರೆ ಸರ್ವೋ ಚುಂಯ್ ಎನ್ನುತ್ತಿತ್ತು. ಸರಳು ಕೂದಲೆಳೆಯಷ್ಟು ಮೇಲೆ. ಎದ್ದು ಲಿಂಕನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಮಲಗಿದರೆ, ಕೂದಲೆಳೆಯಷ್ಟು ಕೆಳಗೆ.

ದಾರಿಹೋಕ ಅಜ್ಜರೊಬ್ಬರು ನಿಂತರು.

“ಯಾಕಪ, ಎದಿ ನೋವೇನು?”

“ಇಲ್ರೀ ಅಜ್ಜಾರ, ಸೊನ್ನಿ ನೋಡಾಕತ್ತೀನಿ.”

“ಸೊನ್ನಿ ನೋಡಾಕ ಮಲಗಬೇಕೇನು? ನನ್ನ ಪಾಸ್‌ಬುಕ್ ತರ್ತೀನಿ, ಕುಂತೇ ನೋಡು.”

ಹೊಸಪೇಟೆಗೆಂದು ಕೃಷ್ಣದೇವರಾಯನ ಬೆನ್ನಹಿಂದೆ ಹೊರಟ ಅನಂತಶಯನ, ರಾಜ ತಿರುಗಿ ನೋಡಿದ್ದಕ್ಕೆ ನಮ್ಮ ಹೊಳಲಿನಲ್ಲೇ ಮಲಗಿಬಿಟ್ಟ ಎನ್ನುತ್ತದೆ ನಮ್ಮ ಕಡೆಯ ಕಥೆ. ಅವನಿಗಾಗಿ 1524ರಲ್ಲಿ ಕಟ್ಟಿಸಿದ ಹೊಸಪೇಟೆಯ ದೊಡ್ಡ ಗುಡಿಯ ಪೀಠ ಇಂದಿಗೂ ಖಾಲಿ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಇನ್ನೊಬ್ಬ ಮಲಗಿದ್ದಾನೆ, ಇವನೂ ಏಳುವ ಲಕ್ಷಣವಿಲ್ಲ. ನಿಜ ಹೇಳಬೇಕೆಂದರೆ ನನಗೂ ಏಳುವ ಮನಸ್ಸಿರಲಿಲ್ಲ. ಹಾರಿಸುವುದು ನೆಪ; ಸುಖವಿರುವುದು ಆ ಅರ್ಧ ಸುತ್ತಿನಲ್ಲಿ.

ಭಾನುವಾರ ಮೆಕ್ಕೆಜೋಳ ಕಟಾವಾದ ಹೊಲಕ್ಕೆ ಹೋದರೆ ನನಗಿಂತ ಮೊದಲೇ ಜನ. “ಡ್ರೋನ್ ತಗಂಡಿದ್ರ ಎಣ್ಣಿನಾದ್ರೂ ಹೊಡಿಬೋದಿತ್ತು” ಎಂದ ಒಬ್ಬ. ಮೊದಲು ರಿಮೋಟು, ಆಮೇಲೆ ಬ್ಯಾಟರಿ. ಗೈರೋ ತನ್ನ ನೆಲೆ ಕಂಡುಕೊಳ್ಳುವ ತನಕ ಯಂತ್ರ ಅಲ್ಲಾಡಕೂಡದು. ಅಷ್ಟರಲ್ಲೇ ಒಬ್ಬ ಹುಡುಗ ಬಾಲ ಹಿಡಿದೆತ್ತಿದ. ಮತ್ತೆ ಮೊದಲಿನಿಂದ. ಇನ್ನೊಬ್ಬ ಪೋರ ಕಾರಣಿಕ ನುಡಿಯಲು ಬಿಲ್ಲೇರಿದ ಗೊರವಯ್ಯನ ಠೀವಿಯಲ್ಲಿ “ಸದ್ದಲೇ!” ಎಂದು ಕೂಗಿದ. ನಾನು ಹತ್ತು ಸಲ ಬೇಡಿದರೂ ಹಿಂದೆ ಸರಿಯದ ಗುಂಪು ಆ ಒಂದು ಕೂಗಿಗೆ ಗಪ್‌ಚಿಪ್ಪಾಯಿತು.

ಆದರೆ ಹಿಂದಕ್ಕೆ ಮಾತ್ರ ಸರಿಯಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲೇ. ಆಟಿಕೆ ಎಂದು ಹಲ್ಲು ಕಿರಿಯುವವರು ಕೇಳಿಸಿಕೊಳ್ಳಲಿ: ಇದರ ರೆಕ್ಕೆ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಪೂರ್ಣ ವೇಗದಲ್ಲಿ ಅದರ ತುದಿ ಗಂಟೆಗೆ 300 ಕಿಲೋಮೀಟರ್ ದಾಟಬಲ್ಲದು. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಈ ಆಟದಲ್ಲಿ ಚೆನ್ನಾಗಿ ಪಳಗಿದ್ದ 19ರ ಹುಡುಗನೊಬ್ಬ ತನ್ನದೇ ಮಾದರಿ ಹೆಲಿಕಾಪ್ಟರಿನ ರೆಕ್ಕೆ ತಾಗಿ ಸತ್ತ. ನನ್ನದಕ್ಕಿಂತ ದೊಡ್ಡದು ಅದು, ಆದರೆ ಕತ್ತಿಗೆ ದೊಡ್ಡದೇನು, ಚಿಕ್ಕದೇನು? ಮೋಟಾರು ತಿರುಗದಂತೆ ತಡೆಯುವ ಥ್ರಾಟಲ್ ಹೋಲ್ಡ್ ಒತ್ತಿ, ಎಲ್ಲರೂ ಬದುವಿನಾಚೆ ಹೋಗುವವರೆಗೂ ಕೈಕಟ್ಟಿ ಕುಳಿತೆ.

ಕೊನೆಗೂ ಎದ್ದಿತು. ಮೊಣಕಾಲುದ್ದ ಏರಿ, ಮಣ್ಣೆಬ್ಬಿಸಿ, ತುಸು ತೂರಾಡಿ, ನೆಟ್ಟಗೆ ಕೂತಿತು. “ಇಷ್ಟೇನಾ?” ಎಂದರು. ಇಷ್ಟೇ.

ಮುಂದಿನ ಭಾನುವಾರ ಗಾಳಿ ಇಲ್ಲದಿದ್ದರೆ ಎದೆಮಟ್ಟಕ್ಕೆ ಏರಿಸುವ ಯೋಚನೆ ಇದೆ. ಬನ್ನಿ; ಮಕ್ಕಳ ಕೈ ಹಿಡಿದುಕೊಂಡು ಬದುವಿನಾಚೆಯೇ ನಿಲ್ಲಿ.