ನಮ್ಮವಳಿನ್ನೂ ಚಿಕ್ಕವಳು ಕಣ್ರೀ

ಶಾಲೆಯಿಂದ ಎಚ್‌ಪಿವಿ ಲಸಿಕೆಯ ಒಪ್ಪಿಗೆ ಪತ್ರ ಬಂದಾಗಿನಿಂದ ನಮ್ಮ ಬೀದಿಯ ತಾಯಂದಿರದು ಒಂದೇ ಮಾತು: "ನಮ್ಮವಳಿನ್ನೂ ಚಿಕ್ಕವಳು ಕಣ್ರೀ, ಈಗಲೇ ಯಾಕೆ?" ಸೂಜಿಗೆ ಹೆದರೋರಲ್ಲ ಇವರು, ಹಸುಗೂಸಿನ ಕಿವಿ ಚುಚ್ಚಿಸಿದವರೇ. ಗರ್ಭಕಂಠದ ಕ್ಯಾನ್ಸರಿನ ಭಯವೂ ಇದೆ. ಅಳುಕಿರೋದು, ಅದನ್ನು ತರುವ ಎಚ್‌ಪಿವಿ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತೆ ಅನ್ನೋ ಮಾತಿಗೆ. ಏಳನೇ ಕ್ಲಾಸಿನ ಹುಡುಗಿ ಮುಂದೆ ಅದನ್ನ ಎತ್ತೋದು ಹೇಗೆ, ಅಲ್ವಾ?

ಆದರೆ ಚಿಕ್ಕವಳಿರುವಾಗಲೇ ಹಾಕಿಸಬೇಕಾದ್ದು ಇದು. ವೈರಸ್ ಸೋಕುವ ಮೊದಲೇ ಹಾಕಿಸಿದರೆ ಪೂರ್ತಿ ಫಲ. ಒಳಹೊಕ್ಕ ಮೇಲೆ ಲಸಿಕೆ ಅದನ್ನು ಓಡಿಸಲಾರದು. 9ರಿಂದ 14ರ ವಯಸ್ಸಿಗೆ ಒಂದೇ ಡೋಸ್ ಆದರೂ ನಡೆಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ.

"ಮುಂದೆ ಮಕ್ಕಳಾಗಲ್ಲವಂತೆ" ಅಂತ ಯಾರಾದರೂ ಪಿಸುಗುಟ್ಟಿದರೆ ನನಗೆ ಆ ಪೋಲಿಯೊ ಭಾನುವಾರಗಳ ನೆನಪು. ಎರಡು ಹನಿ ಹಾಕಿಸಿಕೊಂಡು, ಎಡಗೈ ಕಿರುಬೆರಳಿಗೆ ಶಾಯಿ ಬಳಿಸಿಕೊಂಡು, ಬೆರಳೆತ್ತಿಕೊಂಡೇ ಬೀದಿ ಸುತ್ತುತ್ತಿದ್ದವು ಮಕ್ಕಳು. ಪಕ್ಕದ ಮನೆ ಪೋರ ಶಾಯಿ ಅಳಿಸಿಹೋಗುತ್ತೆ ಅಂತ ಸ್ನಾನಕ್ಕೇ ಬರಲೊಲ್ಲ! ಆಗಲೂ ಇದೇ ಗುಸುಗುಸು. ಉತ್ತರ ಭಾರತದಲ್ಲಂತೂ ಜೋರಾಗಿತ್ತು. ಆ ಪೋರನಿಗೀಗ ಅವಳಿ ಜವಳಿ.

ಖಮ್ಮಂ ಕತೆ ಎತ್ತಿದವರ ಬಾಯಿ ಮಾತ್ರ ನಾನು ಮುಚ್ಚಿಸಲ್ಲ. ಅಲ್ಲೂ ಗುಜರಾತಿನಲ್ಲೂ ನಡೆಯುತ್ತಿದ್ದ ಇದೇ ಲಸಿಕೆಯ ಯೋಜನೆ, ಹಾಕಿಸಿಕೊಂಡ ಕೆಲವು ಹುಡುಗಿಯರು ತೀರಿಕೊಂಡ ಮೇಲೆ, 2010ರಲ್ಲಿ ನಿಂತುಹೋಯಿತು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಸಿಗಲಿಲ್ಲ ನಿಜ. ಆದರೆ ಹೆತ್ತವರನ್ನು ಬಿಟ್ಟು ಹಾಸ್ಟೆಲ್ ವಾರ್ಡನ್‌ಗಳ ಕೈಲಿ ಸಹಿ ಹಾಕಿಸಿಕೊಂಡಿದ್ದರಲ್ಲ, ಅದು ತಪ್ಪೇ. ಕೇಳೋ ಅಮ್ಮನಿಗೆ ಗದರಬಾರದು, ಕೂತು ಉತ್ತರ ಹೇಳಬೇಕು. ಸಿಕ್ಕಿಂನಲ್ಲಿ 2018ರಲ್ಲಿ ಹಾಗೇ ಮಾಡಿದರು. ಮೊದಲು ಮೇಷ್ಟ್ರು, ಅಪ್ಪ-ಅಮ್ಮಂದಿರ ಜೊತೆ ಮಾತು, ಆಮೇಲೆ ಶಾಲೆಯಲ್ಲೇ ಚುಚ್ಚುಮದ್ದು. ನೂರಕ್ಕೆ 90ಕ್ಕೂ ಹೆಚ್ಚು ಹುಡುಗಿಯರು ಹಾಕಿಸಿಕೊಂಡರು.

ಹಾಂ, ಹಾಕಿಸುವ ದಿನ ಮಗು ತಿಂಡಿ ತಿಂದೇ ಹೋಗಲಿ. ಕೆಲವರಿಗೆ ತಲೆಸುತ್ತು ಬರುತ್ತೆ, ಹದಿನೈದು ನಿಮಿಷ ಅಲ್ಲೇ ಕೂರಿಸುತ್ತಾರೆ. ತೋಳು ಒಂದೆರಡು ದಿನ ನೋಯುತ್ತೆ, ಹೆಚ್ಚಿನವರಿಗೆ ಅಷ್ಟೇ. ಅಂದಹಾಗೆ, ಮೂವತ್ತು ದಾಟಿದ ನಾವು ಗರ್ಭಕಂಠದ ತಪಾಸಣೆ ಮಾಡಿಸಿಕೊಂಡಿದ್ದೀವಾ? ಈ ಮಾತೆತ್ತಿದರೆ ಎಲ್ಲರಿಗೂ ಒಲೆ ಮೇಲಿನ ಹಾಲು ನೆನಪಾಗುತ್ತೆ. ಆಶಾ ಕಾರ್ಯಕರ್ತೆ ಬುಧವಾರ ಬರ್ತಾರಂತೆ. ಕೇಳಿಕೊಂಡು ನಾವಿಬ್ಬರೂ ಹೋಗಿಬರೋಣ, ಏನಂತೀರಿ?