ಹಾಳೆಗೆ ಜಾತಕ ಬರೆದವರಿಗೆ

ಇವರಿಗೆ,
ಶ್ರೀಮಾನ್ ಜೀವನಚಕ್ರ ಮೌಲ್ಯಮಾಪನ ಅವರು,
ಉರುಫ್ ಎಲ್‌ಸಿಎ,
ಐಎಸ್‌ಒ 14040 ಮತ್ತು 14044ನೇ ನಂಬರಿನ ಮನೆ, ಜಿನೀವಾ.

ವಿಷಯ: ನನ್ನ ಅಡಿಕೆ ಹಾಳೆ ತಟ್ಟೆಯ ಪಾಪಪುಣ್ಯದ ಬಗ್ಗೆ.

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಮೂವತ್ತೊಂದು ವರ್ಷ ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದೆ. ಸುಮ್ಮನೆ ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ ಅಂತ ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ ಎರಡು ಪ್ರೆಸ್ ಹಾಕಿಸಿ ಹಾಳೆ ತಟ್ಟೆ ಮಾಡಿಸುತ್ತಿದ್ದೇನೆ. ಕಳೆದ ವರ್ಷ ಜರ್ಮನಿಯ ಖರೀದಿದಾರರೊಬ್ಬರು ತಟ್ಟೆ ಚೆನ್ನಾಗಿದೆ, ದರವೂ ಒಪ್ಪಿಗೆ, ಆದರೆ ಇದರ ಎಲ್‌ಸಿಎ ಎಲ್ಲಿ ಎಂದು ಕೇಳಿದರು. ಜಿಎಸ್‌ಟಿ ನಂಬರು ಕೇಳಿದ್ದರೆ ಬಾಯಿಪಾಠ ಒಪ್ಪಿಸುತ್ತಿದ್ದೆ. ವಸ್ತು ಹುಟ್ಟಿದಲ್ಲಿಂದ ಬಿಸಾಡುವವರೆಗೆ ಪರಿಸರಕ್ಕೆ ಹೊರಿಸುವ ಹೊರೆಯ ಲೆಕ್ಕ ಬರೆಯುವ ತಮ್ಮ ಹೆಸರು ನನ್ನ ಕಿವಿಗೆ ಬಿದ್ದದ್ದು ಹೀಗೆ.

ತಮ್ಮ ಪರವಾಗಿ ಬೆಂಗಳೂರಿನಿಂದ ಬಂದ ಇಬ್ಬರು ಹುಡುಗರು ಬಹಳ ಸಭ್ಯರು. ಚಪ್ಪಲಿ ಹೊರಗೇ ಬಿಟ್ಟರು, ಕಷಾಯ ಕುಡಿದರು, ಆಮೇಲೆ ಲ್ಯಾಪ್‌ಟಾಪ್ ತೆರೆದು, "ಸರ್, ಮೊದಲು ಫಂಕ್ಷನಲ್ ಯೂನಿಟ್ ಹೇಳಿ" ಎಂದರು. ಒಳಗಿಂದ ನನ್ನ ಹೆಂಡತಿ, "ಯಾವ ಫಂಕ್ಷನ್ನು ಅಂತ ಕೇಳಿ. ಗೃಹಪ್ರವೇಶಕ್ಕಾದರೆ ತಲೆಗೆ ಒಂದು ತಟ್ಟೆ ಸಾಕು. ಮದುವೆಗಾದರೆ ಸಾರಿನ ಹೊತ್ತಿಗೆ ಅರ್ಧ ಜನ ಇನ್ನೊಂದು ಕೇಳುತ್ತಾರೆ" ಎಂದಳು. ಹುಡುಗರು ನಕ್ಕರು. ಆಮೇಲೆ ನಗು ನಿಲ್ಲಿಸಿ ಅದನ್ನೇ ಬರೆದುಕೊಂಡರು. ಅವಳು ಹೇಳಿದ್ದು ನಿಮ್ಮ ಶಾಸ್ತ್ರದ ಮೊದಲ ಅಧ್ಯಾಯವಂತೆ. ವಸ್ತುವಿಗೆ ವಸ್ತು ಹೋಲಿಸಬಾರದು, ಅದು ಮಾಡುವ ಕೆಲಸಕ್ಕೆ ಕೆಲಸ ಹೋಲಿಸಬೇಕು. ಒಂದು ಊಟಕ್ಕೆ ನನ್ನ ತಟ್ಟೆ ಒಂದೂವರೆ ಬೇಕಾಗಿ, ಪ್ಲಾಸ್ಟಿಕ್ ತಟ್ಟೆ ಒಂದೇ ಸಾಕಾದರೆ, ಜಗಳ ಶುರುವಾಗುವ ಮೊದಲೇ ನಾನು ಅರ್ಧ ತಟ್ಟೆಯಷ್ಟು ಸೋತಿರುತ್ತೇನೆ.

ಎರಡನೆಯ ಪ್ರಶ್ನೆಗೆ ಬೆವರು ಬಂತು. "ಸರ್, ಹಾಳೆ ಕಸವೋ, ಮಾಲೋ?"

ನಮ್ಮ ಬಾಲ್ಯದಲ್ಲಿ ಹಾಳೆ ಎರಡೂ ಅಲ್ಲ, ಅದು ವಾಹನ. ಒಬ್ಬ ಬುಡದ ಮೇಲೆ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಅಂಗಳದ ತುಂಬ ಎಳೆಯುವುದು, ಚಡ್ಡಿ ಹರಿದು ಮನೆಗೆ ಬಂದು ಪೆಟ್ಟು ತಿನ್ನುವುದು. ಆಳುಗಳು ಅದನ್ನೇ ಟೊಪ್ಪಿ ಮಾಡಿಕೊಂಡು ಹೊರೆ ಹೊರುತ್ತಿದ್ದರು. ಮರ ತಾನಾಗಿ ಉದುರಿಸಿದ್ದು, ಯಾರೂ ದುಡ್ಡು ಕೊಟ್ಟವರಲ್ಲ. ನಿಮ್ಮ ಹುಡುಗರ ಪ್ರಕಾರ ಅದೇ ಲೆಕ್ಕ ಮುಂದುವರಿದಿದ್ದರೆ ನಾನು ಪುಣ್ಯವಂತ. ಕಸ ಅಂದರೆ ತೋಟದ ಯಾವ ಹೊರೆಯೂ ಅದರ ತಲೆ ಮೇಲಿಲ್ಲ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ, ಬೇಸಿಗೆಯಲ್ಲಿ ಓಡಿದ ಪಂಪಿನ ಕರೆಂಟು, ಗೊಬ್ಬರ, ಎಲ್ಲವೂ ಅಡಿಕೆಯ ಖಾತೆಗೆ. ಆದರೆ ಪ್ರೆಸ್ ಹಾಕಿದ ದಿನದಿಂದ ನಾನು ಅಕ್ಕಪಕ್ಕದ ತೋಟದವರಿಗೆ ಹಾಳೆಗೆ ಇಷ್ಟು ಅಂತ ಕೊಡುತ್ತಿದ್ದೇನೆ. ದುಡ್ಡು ಕೈ ಬದಲಾಯಿಸಿದ ಕ್ಷಣ ಕಸ ಹೋಗಿ ಮಾಲಾಯಿತು. ಮಾಲಾದ ಮೇಲೆ ತೋಟದ ಸಾಲದಲ್ಲಿ ಅದಕ್ಕೂ ಪಾಲು.

ಪಾಲು ಹೇಗೆ? ತೂಕದ ಮೇಲೆ ಹಂಚಿದರೆ ಅಡಿಕೆಯ ಪಕ್ಕದಲ್ಲಿ ನನ್ನ ಹಾಳೆ ದೊಡ್ಡ ಸಾಲಗಾರ. ಬೆಲೆಯ ಮೇಲೆ ಹಂಚಿದರೆ ಅಡಿಕೆ ಕ್ವಿಂಟಾಲಿನ ದರದ ಮುಂದೆ ಹಾಳೆಯ ಪಾಲು ಕಣ್ಣಿಗೂ ಕಾಣುವುದಿಲ್ಲ. ನಿಮ್ಮ 14044ರ ನಿಯಮ ಕೇಳಿದೆ. ಆದಷ್ಟು ಹಂಚಬೇಡಿ. ಹಂಚಲೇಬೇಕಾದರೆ ಭೌತಿಕ ಸಂಬಂಧ ನೋಡಿ. ಅದೂ ಕೂಡಿಬರದಿದ್ದರೆ ಬೆಲೆಯಂಥ ಬೇರೆ ಆಧಾರ ಹಿಡಿಯಿರಿ. ಸ್ವಾಮಿ, ಇದನ್ನು ಬರೆಯಲು ಜಿನೀವಾದವರೆಗೆ ಯಾಕೆ ಹೋಗಬೇಕಿತ್ತು? ನಮ್ಮಲ್ಲಿ ಅಣ್ಣತಮ್ಮಂದಿರು ಹಿಸ್ಸೆ ಆಗುವಾಗ ಪಂಚಾಯಿತಿಗೆ ಕೂತ ಹಿರಿಯರು ಮೊದಲು ಹೇಳುವುದು ಒಟ್ಟಿಗಿರಿ ಅಂತ, ಆಮೇಲೆ ಗುಂಟೆ ಲೆಕ್ಕ, ಕೊನೆಗೆ ಬೆಲೆ ಕಟ್ಟುವುದು. ಅಷ್ಟೆಲ್ಲ ಆಗಿಯೂ ಬಾವಿ ಯಾರಿಗೆ ಎನ್ನುವುದು ಕೋರ್ಟಿನಲ್ಲಿರುತ್ತದೆ.

ಸಂಜೆಯೊಳಗೆ ಲ್ಯಾಪ್‌ಟಾಪಿನಲ್ಲಿ ಮೂರು ಉತ್ತರ ಬಂದವು. ಒಂದರಲ್ಲಿ ನನ್ನ ತಟ್ಟೆ ಋಷಿ, ಇನ್ನೊಂದರಲ್ಲಿ ಸಾಧಾರಣ ಗೃಹಸ್ಥ, ಮತ್ತೊಂದರಲ್ಲಿ ಖದೀಮ. ತಟ್ಟೆ ಅದೇ. "ಯಾವುದು ನಿಜ?" ಎಂದೆ. "ಮೂರೂ ಸರಿ ಸರ್, ಊಹೆ ಬೇರೆ ಬೇರೆ" ಎಂದರು. ಸಂಘದಲ್ಲಿದ್ದಾಗ ಒಂದೇ ವರ್ಷಕ್ಕೆ ಮೂರು ಅಢಾವೆ ಪತ್ರಿಕೆ ತಯಾರಿಸಿದ್ದರೆ ಲೆಕ್ಕ ಪರಿಶೋಧಕರು ನನ್ನನ್ನು ಮನೆಗೆ ಕಳಿಸುತ್ತಿದ್ದರು.

ರಾತ್ರಿ ನಿದ್ದೆ ಬಾರದೆ ತಮ್ಮ ವಂಶಾವಳಿ ಕೆದಕಿದೆ. ತಪ್ಪು ತಿಳಿಯಬೇಡಿ, ಸಂಬಂಧ ಬೆಳೆಸುವ ಮುನ್ನ ಮನೆತನ ವಿಚಾರಿಸುವುದು ನಮ್ಮ ಪದ್ಧತಿ. 1969ರಲ್ಲಿ ಅಮೆರಿಕದ ಕೋಕಾ ಕೋಲಾ ಕಂಪನಿ ಯಾವ ಬಾಟಲಿ ಲೇಸು ಅಂತ ನೋಡಲು ಮಿಡ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಿಂದ ಒಂದು ಅಧ್ಯಯನ ಮಾಡಿಸಿತು. ಅದೇ ತಮ್ಮ ಜನನ ಎನ್ನುತ್ತಾರೆ. ಆ ವರದಿ ಪೂರ್ತಿಯಾಗಿ ಹೊರಗೆ ಬರಲೇ ಇಲ್ಲ, ಅಂದರೆ ಜಾತಕ ಬರೆಯುವ ತಮ್ಮ ಜಾತಕವೇ ಬೀರುವಿನಲ್ಲಿದೆ. ಇಪ್ಪತ್ತು ವರ್ಷ ಕಳೆದು ಡೈಪರ್ ಯುದ್ಧ ಬಂತು. 1990ರಲ್ಲಿ ಬಿಸಾಡುವ ಡೈಪರ್ ಮಾಡುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಬರೆಸಿದ ವರದಿ ಬಿಸಾಡುವುದರ ಕಡೆಗೆ ವಾಲಿತು. ಮರುವರ್ಷ ಬಟ್ಟೆ ಡೈಪರ್ ಒಗೆದುಕೊಡುವವರ ಸಂಘ ಬರೆಸಿದ ವರದಿ ಬಟ್ಟೆಯ ಕಡೆಗೆ ವಾಲಿತು. ಕೂಸು ಒಂದೇ, ಅದು ಮಾಡುವ ಕೆಲಸವೂ ಒಂದೇ.

ಆದರೆ 2008ರ ಬ್ರಿಟನ್ನಿನ ಸರ್ಕಾರಿ ವರದಿ ಓದಿ ನಾನು ಸ್ವಲ್ಪ ಮೆತ್ತಗಾದೆ. ಬಟ್ಟೆಯೋ ಬಿಸಾಡುವುದೋ ಅನ್ನುವುದಕ್ಕಿಂತ ಬಟ್ಟೆಯನ್ನು ಹೇಗೆ ಒಗೆಯುತ್ತೀರಿ ಅನ್ನುವುದೇ ಮುಖ್ಯ ಎಂದಿತ್ತು ಅದು. ಮೆಶಿನ್ ತುಂಬ ಹಾಕಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಬಟ್ಟೆ ಗೆಲ್ಲುತ್ತದಂತೆ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿಯ ಮುಖ ಅರಳಿತು. ನಮ್ಮ ಎರಡು ಮಕ್ಕಳೂ ಅಜ್ಜನ ಹಳೇ ಪಂಚೆಯ ತುಂಡಿನಲ್ಲೇ ಬೆಳೆದವರು. ಮರುದಿನ ಫೋನಿನಲ್ಲಿ ಇದನ್ನೇ ಹೇಳಿಕೊಂಡು ನಾನೂ ಬೀಗುತ್ತಿದ್ದೆ, ಅಷ್ಟರಲ್ಲಿ ನಿಮ್ಮ ಹುಡುಗರಲ್ಲಿ ಕಿರಿಯವನು ಮೆಲ್ಲಗೆ, "ನೀರು ಯಾವುದರಲ್ಲಿ ಕಾಯಿಸುತ್ತಿದ್ದಿರಿ ಸರ್?" ಅಂದ. ಬಚ್ಚಲ ಒಲೆ, ಹಂಡೆ, ಹಸಿ ಸೌದೆ. ಅಮ್ಮ ಊದುಗೊಳವೆ ಹಿಡಿದು ಕೆಮ್ಮುತ್ತಿದ್ದದ್ದು ನೆನಪಾಯಿತು. ಹೊಗೆಗೂ ನಿಮ್ಮ ಪುಸ್ತಕದಲ್ಲಿ ಒಂದು ಕಾಲಂ ಇದೆಯಂತೆ. ಸುಮ್ಮನಾದೆ.

ಈಗ ಚೀಲದ ವಿಷಯ. 2018ರಲ್ಲಿ ಡೆನ್ಮಾರ್ಕಿನ ಪರಿಸರ ಇಲಾಖೆ ಪ್ರಕಟಿಸಿದ ವರದಿಯ ಪ್ರಕಾರ, ಒಂದು ಹತ್ತಿಯ ಚೀಲ ಅಲ್ಲಿನ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿಗಟ್ಟಬೇಕಾದರೆ ಅದನ್ನು 7,100 ಸಲ ಬಳಸಬೇಕು. ಸಾವಯವ ಹತ್ತಿಯದಾದರೆ 20,000 ಸಲ. ನಾನು ಗುಮಾಸ್ತ, ಪೆನ್ಸಿಲ್ ತೆಗೆದೆ. ವಾರಕ್ಕೊಂದು ಸಂತೆ. 7,100 ಸಂತೆಗೆ 136 ವರ್ಷ ದಾಟುತ್ತದೆ. 20,000 ಸಂತೆಗೆ 384 ವರ್ಷ. ಕೆಳದಿಯ ಶಿವಪ್ಪ ನಾಯಕ ಪಟ್ಟಕ್ಕೆ ಬಂದದ್ದು 1645ರಲ್ಲಿ. ಅದಕ್ಕೂ ಮುಂಚೆ ಸಂತೆಗೆ ಹೊರಟ ಸಾವಯವ ಚೀಲ ಈಗಷ್ಟೇ ಪಾಪ ತೊಳೆದುಕೊಂಡು ವಾಪಸು ಬರುತ್ತಿರಬೇಕು.

ಪತ್ರಿಕೆಗಳು ಈ ಸಂಖ್ಯೆಯನ್ನು ಹೊತ್ತು ಮೆರೆಸಿದವು. ಒಳಗಿನ ಪುಟ ತಿರುವಿದವರು ಕಡಿಮೆ. ಹವಾಮಾನ ಬದಲಾವಣೆಯೊಂದನ್ನೇ ನೋಡಿದರೆ ಅದೇ ವರದಿಯಲ್ಲಿ ಸಾದಾ ಹತ್ತಿಗೆ 52 ಸಲ, ಸಾವಯವಕ್ಕೆ 149 ಸಲ ಸಾಕು. ಎಲ್ಲ ಕಾಲಂಗಳ ಪೈಕಿ ಅತಿ ಕೆಟ್ಟದ್ದನ್ನು ಆರಿಸಿದರೆ 7,100. ಆ ಕೆಟ್ಟ ಕಾಲಂ ಓಝೋನ್ ಪದರದ್ದು. ಹತ್ತು ವಿಷಯದಲ್ಲಿ ಪಾಸಾಗಿ ಡ್ರಾಯಿಂಗಿನಲ್ಲಿ ನಪಾಸಾದ ಹುಡುಗನಿಗೆ ಡ್ರಾಯಿಂಗಿನ ಅಂಕವನ್ನೇ ಷರಾ ಬರೆದ ಹಾಗೆ.

ಅದೂ ಹೋಗಲಿ. ಆ ವರದಿಯಲ್ಲಿ ಬೀದಿಗೆ ಬಿದ್ದ ಚೀಲದ ಲೆಕ್ಕವೇ ಇಲ್ಲ. ಡೆನ್ಮಾರ್ಕಿನಲ್ಲಿ ಚೀಲ ಬೀದಿಗೆ ಬೀಳುವುದು ನಗಣ್ಯವಂತೆ. ಕಸ ತುಂಬಿಕೊಂಡು ಹೋಗಿ, ಉರಿದು, ಕರೆಂಟಾಗುತ್ತದೆ. ಅವರ ಊರಿಗೆ ಅದು ಸರಿಯೇ. ನಮ್ಮ ಹಸು ಗೌರಿಯ ಹೊಟ್ಟೆ ಉಬ್ಬಿ, ದನದ ಡಾಕ್ಟರು ಪಕ್ಕೆ ಕೊಯ್ದು ಕೈ ಹಾಕಿದಾಗ ಮೊಳಕೈವರೆಗೆ ಬಂದದ್ದು ಹಗ್ಗದ ಹಾಗೆ ಹೊಸೆದುಕೊಂಡಿದ್ದ ಕ್ಯಾರಿಬ್ಯಾಗು. ಒಂದರೊಳಗೆ ಟೊಮೆಟೊ ಬೀಜ ಹಾಗೇ ಇತ್ತು. ಕರ್ನಾಟಕದಲ್ಲಿ 2016ರಲ್ಲೇ ನಿಷೇಧವಾದ ಚೀಲ ಅದು, ಆದರೆ ದನ ಗೆಜೆಟ್ ಓದುವುದಿಲ್ಲ. ನಿಮ್ಮ ಹುಡುಗರನ್ನು ಕೇಳಿದೆ, ಇದು ಯಾವ ಕಾಲಂ? ಅವರು ಪರದೆಯನ್ನು ಮೇಲೆ ಕೆಳಗೆ ಸರಿಸಿದರು. ಆಮ್ಲೀಕರಣ ಇದೆ, ನೀರಿನ ಬಳಕೆ ಇದೆ, ಸಿಹಿನೀರಿನ ಜೀವಿಗಳಿಗೆ ವಿಷ ಇದೆ. ದನದ ಹೊಟ್ಟೆ ಸಿಸ್ಟಂ ಬೌಂಡರಿಯ ಹೊರಗಿದೆ. ಬೇಲಿ ಹಾಕುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ ಮಾನ್ಯರೇ, ಆದರೆ ದನವನ್ನೇ ಹೊರಗಿಟ್ಟು ಬೇಲಿ ಹಾಕಿದರೆ ಮೇಯುವುದು ಯಾರು ಅಂತ ನಮ್ಮಲ್ಲಿ ಕೇಳುತ್ತಾರೆ.

ನನ್ನ ತಟ್ಟೆಯ ಅಂತ್ಯಸಂಸ್ಕಾರದಲ್ಲೂ ಅದೇ ತೊಡಕು. ಊಟವಾದ ತಟ್ಟೆಗೆ ಏನಾಗುತ್ತದೆ? ಹೂಳುವುದು, ಸುಡುವುದು, ಗೊಬ್ಬರ ಮಾಡುವುದು, ಇವುಗಳಲ್ಲಿ ಒಂದನ್ನು ಒತ್ತಬೇಕು. ತಿಪ್ಪೆಗೆ ಬಿದ್ದರೆ ಗೊಬ್ಬರ. ಪಟ್ಟಣದ ಕಸದ ಗುಡ್ಡದಡಿ ಗಾಳಿಯಾಡದೆ ಕೊಳೆತರೆ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು. ಅನ್ನ ಸಾರು ಹತ್ತಿದ ತಟ್ಟೆಯನ್ನು ಗೌರಿಯೇ ತಿಂದರೆ? ಆ ಬಟನ್ ಇಲ್ಲ.

ಅಂಕಿಅಂಶಗಳೆಲ್ಲ ಎಲ್ಲಿಂದ ಬರುತ್ತವೆ ಎಂದು ಕೇಳಿದ್ದಕ್ಕೆ ಸ್ವಿಟ್ಜರ್‌ಲೆಂಡಿನ ಒಂದು ದತ್ತಾಂಶ ಭಂಡಾರದ ಹೆಸರು ಹೇಳಿದರು. ಅದರಲ್ಲಿ ಊರಿನ ಹೆಸರು ಹುಡುಕಿ ಸಿಗದಿದ್ದಾಗ 'ಉಳಿದ ಪ್ರಪಂಚ' ಅಂತ ಒಂದು ಆಯ್ಕೆ ಇದೆಯಂತೆ. ಹೀಗೆ ನನ್ನ ತೀರ್ಥಹಳ್ಳಿಯ ಹಾಳೆ ಉಳಿದ ಪ್ರಪಂಚದ ನೀರಲ್ಲಿ ನೆನೆದು, ಉಳಿದ ಪ್ರಪಂಚದ ಲಾರಿ ಹತ್ತಿತು. ಶಿವಪ್ಪ ನಾಯಕನ ವಿಷಯ ಸುಮ್ಮನೆ ಎತ್ತಿದ್ದಲ್ಲ. ಅವನ 'ಶಿಸ್ತು' ಎಂಬ ಕಂದಾಯ ಪದ್ಧತಿಯ ಬಗ್ಗೆ ಹಳೇ ಗೆಜೆಟಿಯರಿನಲ್ಲಿದೆ. ಹಳ್ಳಿ ಹಳ್ಳಿಯಲ್ಲಿ ಪ್ರತಿ ಬಗೆಯ ನೆಲದ ಒಂದೊಂದು ಹೊಲವನ್ನು ಹನ್ನೆರಡು ವರ್ಷ ತಾನೇ ಸಾಗುವಳಿ ಮಾಡಿಸಿ, ಎಷ್ಟು ಬೀಜ, ಎಷ್ಟು ಖರ್ಚು, ಎಷ್ಟು ಬೆಳೆ ಅಂತ ಬರೆಸಿ, ಆಮೇಲೆ ಕಂದಾಯ ಗೊತ್ತುಮಾಡಿದನಂತೆ. ತೆರಿಗೆ ಹಾಕುವವನಾದರೂ ಹನ್ನೆರಡು ಮಳೆಗಾಲ ಕಾದ. ನಿಮ್ಮ ಹುಡುಗರಿಗೆ ಸಂಜೆ ಆರೂವರೆಯ ಬಸ್ಸಿತ್ತು.

ಇಷ್ಟು ಬೈದ ಮೇಲೆ ಒಂದು ಸತ್ಯ ಹೇಳದಿದ್ದರೆ ನನಗೂ ನಿದ್ದೆ ಬರುವುದಿಲ್ಲ. ಜರ್ಮನಿಯವರೆಗೆ ಹಡಗಿನಲ್ಲಿ ಹೋಗುವ ದೂರವೇ ನನ್ನ ತಟ್ಟೆಯ ದೊಡ್ಡ ಪಾಪ ಅಂತ ನಾನು ನಂಬಿದ್ದೆ. ಅಲ್ಲವಂತೆ. ಟನ್ನಿಗೆ, ಕಿಲೋಮೀಟರಿಗೆ ನೋಡಿದರೆ ಹಡಗು ಲಾರಿಗಿಂತ ಎಷ್ಟೋ ಹಗುರ. ಕಳ್ಳ ಮನೆಯಲ್ಲೇ ಇದ್ದ: ಡೈ ಬಿಸಿ ಮಾಡುವ ಹೀಟರ್ ಕಾಯಿಲ್. ನಮ್ಮ ದೇಶದ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 0.7 ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್ ಇದೆ, ಕರೆಂಟು ಹೋದಾಗ ಡೀಸೆಲ್ ಜನರೇಟರ್ ಬೇರೆ. ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಊಟಕ್ಕೆ ಹೋದಾಗಲೂ ಎರಡೂ ಪ್ರೆಸ್ ಸುಡುಸುಡು ಉರಿಯುತ್ತಲೇ ಇರುತ್ತಿದ್ದವು. ಆರು ವರ್ಷ ನಾನು ನೋಡಿರಲಿಲ್ಲ. ಈಗ ಊಟದ ಗಂಟೆಗೆ ಸ್ವಿಚ್ ಆಫ್. ಈ ಒಂದು ಪುಟಕ್ಕೆ ತಮಗೆ ನಮಸ್ಕಾರ.

ಆದರೆ ಇನ್ನೊಂದು ಪುಟ ನಾನು ತೆಗೆಸಿದೆ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಹಿರಿಯ ಹುಡುಗ, "ಪ್ಲಾಸ್ಟಿಕ್, ಥರ್ಮಕೋಲ್, ಪೇಪರ್ ತಟ್ಟೆ ಜೊತೆ ಸ್ಟೀಲ್ ತಟ್ಟೆಯನ್ನೂ ಹೋಲಿಸೋಣವಾ ಸರ್?" ಎಂದಿದ್ದ. ಕೆನಡಾದ ಮಾರ್ಟಿನ್ ಹಾಕಿಂಗ್ ಎಂಬ ರಸಾಯನಶಾಸ್ತ್ರಜ್ಞರು 1994ರಲ್ಲಿ ಲೋಟಗಳ ಶಕ್ತಿಯ ಲೆಕ್ಕ ಹಾಕಿ, ಗಾಜಿನ ಲೋಟ 15 ಸಲ ಬಳಸಿದರೆ ಪೇಪರ್ ಕಪ್ಪಿಗೆ ಸಮ ಎಂದಿದ್ದನ್ನೂ ತೋರಿಸಿದ. ಥರ್ಮಕೋಲಿಗೆ ಸಮವಾಗಲು 393 ಸಲ ಬೇಕು, ಅದು ಬೇರೆ. ನಮ್ಮ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಗಾಜಿನ ಲೋಟ ಹದಿನೈದು ಕಾಫಿಯನ್ನು ಮೊದಲ ಬಸ್ಸಿನಿಂದ ತಿಂಡಿ ಹೊತ್ತಿನೊಳಗೆ ಮುಗಿಸುತ್ತದೆ. ದೇವಸ್ಥಾನದ ಉಗ್ರಾಣದಲ್ಲಿ ನಾನೂರು ಸ್ಟೀಲ್ ತಟ್ಟೆ ಇವೆ. ನನ್ನ ಮದುವೆಯಲ್ಲಿ ಊಟ ಹಾಕಿದ ತಟ್ಟೆಗಳೇ ನನ್ನ ಮಗಳ ಮದುವೆಗೂ ಬಂದವು. ಅವುಗಳ ಎದುರು ನನ್ನ ಹಾಳೆ ಎಲ್ಲಿ ನಿಲ್ಲುತ್ತದೆ ಅಂತ ತಿಳಿಯಲು ನಾನೇಕೆ ಕೈಯಿಂದ ದುಡ್ಡು ಕೊಡಲಿ? "ಅದು ನಮ್ಮ ಸ್ಪರ್ಧಿ ಅಲ್ಲ, ಬಿಟ್ಟುಬಿಡಿ" ಎಂದೆ. ಬಿಟ್ಟರು. ಸ್ಟೀಲ್ ತಟ್ಟೆಗಳ ಪರವಾಗಿ ವಕಾಲತ್ತು ಹಾಕಲು ಯಾರೂ ಬಂದಿರಲಿಲ್ಲ.

ಮೂರು ಉತ್ತರದಲ್ಲಿ ಖರೀದಿದಾರರಿಗೆ ಯಾವುದು ಕಳಿಸಿದೆ ಎಂದು ತಾವು ಕೇಳುವುದಿಲ್ಲ ಎಂಬ ನಂಬಿಕೆ ನನಗಿದೆ.

ಅಂತಿಮ ವರದಿ ಹೋದ ವಾರ ಕೊರಿಯರ್‌ನಲ್ಲಿ ಬಂತು. ಒಂದೇ ಮಗ್ಗುಲಲ್ಲಿ ಅಚ್ಚಾದ ದಪ್ಪ ಪುಸ್ತಕ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಹಸಿರು ಎಲೆಯ ಚಿತ್ರವಿರುವ ಹೊಸಾ ಹತ್ತಿ ಚೀಲ. ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಇದಕ್ಕೂ ಮುಂಚೆ ಮದುವೆ, ಉಪನಯನ, ಜವಳಿ ಅಂಗಡಿಯಿಂದ ಬಂದ ಇಪ್ಪತ್ತೆರಡು ಚೀಲ ನೇತಾಡುತ್ತಿವೆ. ಇದನ್ನೂ ಅಲ್ಲೇ ಸಿಕ್ಕಿಸಿದೆ. ನಿನ್ನೆ ಸಂತೆಗೆ ಒಯ್ದು ಹರಿವೆ ಸೊಪ್ಪು, ಒಂದು ಕಿಲೋ ಈರುಳ್ಳಿ ತಂದೆ.

ಬಾಕಿ 7,099.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತ ಹಾಗೂ ಹಾಳೆ ತಟ್ಟೆ ಘಟಕದ ಮಾಲೀಕ,
ಉಳಿದ ಪ್ರಪಂಚ.