ಹಸಿರುಮನೆ ಮನೆಯೋ, ಚಪ್ಪರವೋ? ಒಂದು ಮೀಮಾಂಸೆ

ಮೊದಲು ಪದವಿಚಾರ. ‘ಹಸಿರುಮನೆ’ ಎಂಬ ಸಮಾಸದಲ್ಲಿ ತಂಟೆಯೆಲ್ಲ ಉತ್ತರಪದದ್ದು. ನಾಲ್ಕು ಬಿದಿರು ಗಳ ನೆಟ್ಟು, 200 ಮೈಕ್ರಾನ್ ಪ್ಲಾಸ್ಟಿಕ್ ಹೊದಿಸಿ, ಟೊಮೆಟೊ ಸಸಿ ಬೆಳೆಸುವ ಜಾಗಕ್ಕೆ ‘ಮನೆ’ ಎಂದು ಹೆಸರಿಟ್ಟ ಪುಣ್ಯಾತ್ಮ ‘ಹಸಿರುಚಪ್ಪರ’ ಎಂದಿದ್ದರೆ ಈ ಪ್ರಬಂಧ ಹುಟ್ಟುತ್ತಲೇ ಇರಲಿಲ್ಲ.

ಪೂರ್ವಪಕ್ಷ: ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಪರಿಷ್ಕರಣೆಯ ಪ್ರಕಾರ, ಯಾವ ಉದ್ದೇಶಕ್ಕಾದರೂ ಯಾವ ಸಾಮಗ್ರಿಯಿಂದಾದರೂ ಕಟ್ಟಿದ್ದು ಕಟ್ಟಡವೇ, ಒಳಗೆ ಮನುಷ್ಯರು ವಾಸವಿರಲಿ ಬಿಡಲಿ. ಈ ಲೆಕ್ಕದಲ್ಲಿ ಗೀಜಗನೂ ನಕ್ಷೆ ಮಂಜೂರು ಮಾಡಿಸಬೇಕು.

ಉತ್ತರಪಕ್ಷ: ಪರವಾನಗಿ ಬೇಡದ ಕೆಲಸಗಳನ್ನೂ ಅದೇ ಸಂಹಿತೆ ಹೇಳುತ್ತದೆ. ಸುಣ್ಣ ಬಳಿಯುವುದು, ಹೆಂಚು ಬದಲಿಸುವುದು, ನಡುವೆ ತಣ್ಣಗೆ ಕೂತಿರುವ ತೋಟಗಾರಿಕೆ. ಅಂದರೆ ಸಸಿ ನಿರಪರಾಧಿ. ಆರೋಪ ಅದರ ನೆತ್ತಿಯ ಮೇಲಿನ ಪ್ಲಾಸ್ಟಿಕ್ಕಿನದು. ಇನ್ನೂ ರುಚಿಕರವಾದದ್ದು ಶಾಮಿಯಾನ ಪ್ರಕರಣ. ಸಮಾರಂಭಕ್ಕೆ ತಾತ್ಕಾಲಿಕವಾಗಿ ಹಾಕಿದ ಶಾಮಿಯಾನ, ಪ್ರಾಧಿಕಾರದ ಅನುಮತಿ ಇದ್ದರೆ, ಕಟ್ಟಡವಲ್ಲ. ಕಟ್ಟಡವಾಗಲು ಅನುಮತಿ ಬೇಕೆಂದು ಕೇಳಿದ್ದೆವು, ಆಗದಿರಲೂ ಬೇಕಂತೆ! ಹಾಗಾದರೆ ಹಸಿರುಮನೆಯಲ್ಲೊಂದು ಮದುವೆ ಮಾಡಿಸಿದರಾಯಿತು. ಟೊಮೆಟೊಗೂ ಮೆಣಸಿನಕಾಯಿಗೂ ಆಗದು, ಎರಡೂ ಬದನೆಯ ಕುಲ, ಸಗೋತ್ರ. ಸೌತೆಯ ಕಡೆ ನೋಡಬಹುದು.

ಸಂಹಿತೆ ಬರೀ ಮೇಲ್ಪಂಕ್ತಿ; ನಮ್ಮ ಹಸಿರುಮನೆ ನಿಂತಿರುವ ತಮಿಳುನಾಡಿಗೆ 2019ರ ತನ್ನದೇ ಕಟ್ಟಡ ನಿಯಮಗಳಿವೆ, ಬಿಡಿ. ನಿಜವಾದ ಗಂಟು ‘ತಾತ್ಕಾಲಿಕ’ ಎಂಬ ಮಾತಿನಲ್ಲಿದೆ. ಅದನ್ನು ಬಿಡಿಸಲು ಅದು ನಿಂತಿರುವ ಊರು ಧಾರಾಪುರಂಗಿಂತ ಯೋಗ್ಯ ಕ್ಷೇತ್ರವಿಲ್ಲ. ಟಿಪ್ಪು ಮಡಿದ 1799ರ ಬಳಿಕ ಕುಂಪಣಿಯವರು ಇದನ್ನು ಜಿಲ್ಲಾ ಕೇಂದ್ರ ಮಾಡಿದರು. 1804ರ ಹೊತ್ತಿಗೆ ಆ ಪಟ್ಟ ಕೊಯಮತ್ತೂರಿಗೆ ಹೋಯಿತು. ಊರು ಅಮರಾವತಿ ನದಿಯ ದಂಡೆ ಬಿಟ್ಟು ಕದಲಲಿಲ್ಲ, ಜಿಲ್ಲೆ ಮಾತ್ರ ಕದಲುತ್ತಲೇ ಇತ್ತು: ಕೊಯಮತ್ತೂರು, 1979ರಲ್ಲಿ ಇಂದಿನ ಈರೋಡು, 2009ರಲ್ಲಿ ತಿರುಪ್ಪೂರು. ಜಿಲ್ಲೆಗಳೇ ಇಷ್ಟು ತಾತ್ಕಾಲಿಕವಾಗಿರುವಲ್ಲಿ ನಾಲ್ಕು ಗಳಗಳಿಂದ ಪ್ರಮಾಣಪತ್ರ ಕೇಳುವುದು ದಾಕ್ಷಿಣ್ಯವಿಲ್ಲದ ಮಾತು.

ಜೊತೆಗೆ ಗಾಳಿ ಇದೆ. ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಮುಂಗಾರಿನ ಗಾಳಿಯ ದಾರಿಯಲ್ಲೇ ಊರು. ಸೀಮೆಯ ಗಾಳಿಯಂತ್ರಗಳೂ ಅದನ್ನೇ ನಂಬಿವೆ. ಆಡಿ ತಿಂಗಳ ಗಾಳಿಗೆ ಅಮ್ಮಿ, ಅಂದರೆ ನಮ್ಮ ಅರೆಯುವ ಕಲ್ಲು, ಅದೂ ಹಾರುತ್ತದೆಂದು ತಮಿಳು ಗಾದೆ. ಕಲ್ಲಿನ ಗತಿಯೇ ಹೀಗಾದರೆ 200 ಮೈಕ್ರಾನಿನದು? ನೋಟಿಸಿಲ್ಲ, ಗಡುವಿಲ್ಲ, ಮೇಲ್ಮನವಿಯಿಲ್ಲ. ಒಂದೇ ರಾತ್ರಿಗೆ ತೆರವು.

ಉಳಿದ ತೊಡಕು ಒಂದೇ. ಹಾರಿದ ಛಾವಣಿ ಪಕ್ಕದವರ ಈರುಳ್ಳಿ ಹೊಲದ ಮೇಲೆ ಕವುಚಿಕೊಂಡರೆ ಹಸಿರುಮನೆ ಯಾರದು, ಪರವಾನಗಿ ಯಾರ ಹೆಸರಿಗೆ? ಆ ಹೊಲದಾಕೆಯ ಭಾಷ್ಯ ಲಭ್ಯವಿದೆ, ಮುದ್ರಣಯೋಗ್ಯವಲ್ಲ.